ಕಾಕು ಸೋಸಿದ ನೀರು

ಜೀವಕೋಶಗಳಿಗೆ ಐತವಾರ ಗೊತ್ತಿಲ್ಲ. ಅಮಾವಾಸ್ಯೆ ಗೊತ್ತಿಲ್ಲ, ಮನೆಯಲ್ಲಿ ಬಸುರಿ ಅತ್ತಿಗೆಯ ಕುಬಸ, ಅಂದರೆ ಸೀಮಂತ, ಇದೆ ಅನ್ನುವುದೂ ಗೊತ್ತಿಲ್ಲ. ದಿನ ಬಿಟ್ಟು ದಿನ ಅವಕ್ಕೆ ಹೊಸ ಆಹಾರ ಹಾಕಬೇಕು, ಇಲ್ಲವಾದರೆ ಸೊರಗಿ ಸಾಯುತ್ತವೆ. ಹೀಗಾಗಿ ಆ ಐತವಾರವೂ ಜಮಖಂಡಿಯ ನಮ್ಮ ಕಾಲೇಜಿನ ಹಿಂದಿನ ಬಾಗಿಲ ಕೀಲಿ ತೆಗೆದು, ಖಾಲಿ ಕಾರಿಡಾರಿನಲ್ಲಿ ನನ್ನ ಚಪ್ಪಲಿ ಸಪ್ಪಳ ನಾನೇ ಕೇಳುತ್ತ ಲ್ಯಾಬಿಗೆ ಹೋದೆ. ಬೀಳಗಿಯ ನಮ್ಮ ಮನೆಯಲ್ಲಿ ಕುಬಸ ನಡೆದಿತ್ತು. ಬೀಳಗಿ ಏನು ದಿಲ್ಲಿಯೇ? ಬೆಳಿಗ್ಗೆ ಬಸ್ ಹತ್ತಿದರೆ ಹೋಳಿಗೆ ಬಡಿಸುವ ಹೊತ್ತಿಗೆ ಮುಟ್ಟಬಹುದು. ಆದರೆ ಹೋದವಳನ್ನು ಅವತ್ತೇ ತಿರುಗಿ ಕಳಿಸುವ ಮನೆ ಅಲ್ಲ ಅದು. ಅವ್ವ ಫೋನಿನಲ್ಲಿ, "ಪೆಟ್ಟಿಗ್ಯಾಗಿನ ಹುಳಕ್ಕ ಇರೂ ಕಿಮ್ಮತ್ತು ನಮಗಿಲ್ಲ ಬಿಡವಾ" ಅಂದಳು. ಮುಂದಿನ ಹಬ್ಬಕ್ಕೆ ಯಾರೂ ಕರೆಯಲೇ ಇಲ್ಲ.

ನಾನು ಔಷಧಶಾಸ್ತ್ರ ಕಲಿಸುವಾಕೆ. ಪಾಠ ಹೊಟ್ಟೆಪಾಡು, ಪಿಎಚ್.ಡಿ. ಹಟ. ವಿಶ್ವವಿದ್ಯಾಲಯ ಕೊಟ್ಟಿದ್ದ ಕೊನೆಯ ಹೆಚ್ಚುವರಿ ಅವಧಿ ಓಡುತ್ತಿತ್ತು. ಅದರೊಳಗೆ ಪ್ರಬಂಧ ಕೊಡದಿದ್ದರೆ ನೋಂದಣಿ ರದ್ದು. ನೋಂದಣಿ ಹೋದರೆ ಲ್ಯಾಬಿನ ಕೀಲಿಯನ್ನೂ ಒಪ್ಪಿಸಬೇಕು, ಇಷ್ಟು ವರ್ಷ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಕೋಶಗಳನ್ನು ಮೈಕಾವಿನಷ್ಟೇ ಬೆಚ್ಚಗಿಡುವ ನನ್ನ ಇನ್‌ಕ್ಯುಬೇಟರ್ ಪೆಟ್ಟಿಗೆಯಲ್ಲಿದ್ದದ್ದು ಹುಳ ಅಲ್ಲ, ಇನ್ಸುಲಿನ್ ಬಿಡುವ ಬೀಟಾ ಕೋಶಗಳು. ಮೇದೋಜೀರಕ ಗ್ರಂಥಿಯಲ್ಲಿ ಇರುವಂಥವು, ಗಾಜಿನ ತಟ್ಟೆಯಲ್ಲಿ ಬೆಳೆಯುವ ತಳಿ. ಮೈಯಲ್ಲಿ ಎಲ್ಲಾದರೂ ಸೋಂಕಾದರೆ, ಗಾಯ ಕೆಂಪಾಗಿ ಬಾತರೆ, ಅಲ್ಲಿನ ಕಾವಲು ಕೋಶಗಳು ಒಂದು ಬಗೆಯ ಪ್ರೋಟೀನು ಬಿಟ್ಟು ಊರಿಗೆಲ್ಲ ಡಂಗುರ ಹೊಡೆಯುತ್ತವೆ. ಸೈಟೋಕೈನ್ ಅನ್ನುತ್ತೇವೆ ಅದಕ್ಕೆ. ಆ ಡಂಗುರ ಬೀಟಾ ಕೋಶಕ್ಕೂ ಕೇಳಿಸುತ್ತದೆ. ಸಣ್ಣಗೆ ಕೇಳಿದರೆ ಕೋಶ ಚುರುಕಾಗಿ ಒಂದಿಷ್ಟು ಹೆಚ್ಚೇ ಇನ್ಸುಲಿನ್ ಬಿಡುತ್ತದೆ. ಜೋರಾಗಿ, ಬಹಳ ಹೊತ್ತು ಕೇಳಿದರೆ ಒಳಗೇ ನೈಟ್ರಿಕ್ ಆಕ್ಸೈಡ್ ಹುಟ್ಟಿ, ಕೋಶದ ಕಸುವು ಇಳಿದು, ಎದುರಿಗೆ ಎಷ್ಟು ಸಕ್ಕರೆ ಇದ್ದರೂ ಇನ್ಸುಲಿನ್ ಬಿಡದೆ ಸುಮ್ಮನಾಗುತ್ತದೆ. ಎಷ್ಟು ಪ್ರಮಾಣಕ್ಕೆ ಈ ಕೋಶ ಆ ಕಡೆಯಿಂದ ಈ ಕಡೆಗೆ ಹೊರಳುತ್ತದೆ? ಅದು ನನ್ನ ಪ್ರಶ್ನೆ.

ಕೆಲಸದ ರೀತಿ ಹೇಳುತ್ತೇನೆ. ಸಣ್ಣ ಸಣ್ಣ ಕುಳಿಗಳ ತಟ್ಟೆಯಲ್ಲಿ ಕೋಶ ಬಿತ್ತಬೇಕು. ಅವು ತಳ ಹಿಡಿದ ಮೇಲೆ ಒಂದೊಂದು ಸಾಲಿಗೆ ಒಂದೊಂದು ಪ್ರಮಾಣದ ಸೈಟೋಕೈನ್. ಒಂದು ಸಾಲಿಗೆ ಮಾತ್ರ ಏನೂ ಹಾಕಬಾರದು, ಅದು ಕಂಟ್ರೋಲ್. ಮರುದಿನ ತೊಳೆದು, ಸಕ್ಕರೆ ಕಡಿಮೆ ಇರುವ ದ್ರಾವಣದಲ್ಲಿ ಒಂದು ತಾಸು ಉಪವಾಸ ಇಟ್ಟು, ಆಮೇಲೆ ಅರ್ಧಕ್ಕೆ ಕಡಿಮೆ ಸಕ್ಕರೆ, ಅರ್ಧಕ್ಕೆ ಹೆಚ್ಚು ಸಕ್ಕರೆ ಕೊಟ್ಟು ಕಾಯಬೇಕು. ಮೇಲಿನ ತಿಳಿ ತೆಗೆದು ಅದರಲ್ಲಿ ಎಷ್ಟು ಇನ್ಸುಲಿನ್ ಇದೆ ಅಂತ ಹಳದಿ ಬಣ್ಣದ ಪರೀಕ್ಷೆಯಿಂದ ಅಳೆಯಬೇಕು. ಬಣ್ಣ ಗಾಢವಾದಷ್ಟೂ ಇನ್ಸುಲಿನ್ ಹೆಚ್ಚು. ಕಂಟ್ರೋಲ್ ಕೋಶ ಹೆಚ್ಚು ಸಕ್ಕರೆಗೆ ಹೆಚ್ಚು ಇನ್ಸುಲಿನ್ ಬಿಡಲೇಬೇಕು. ಅದೇ ಸುಳ್ಳು ಹೇಳಿದರೆ ಉಳಿದ ಸಾಲು ಖರೆ ಹೇಳಿದರೂ ಉಪಯೋಗ ಇಲ್ಲ.

ಹೊರಗೆ ಸಮೀರವಾಡಿಯ ಸಕ್ಕರೆ ಕಾರ್ಖಾನೆ ಕಡೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಹೋಗುತ್ತಿದ್ದವು. ಒಳಗೆ ನಾನು ಪಿಪೆಟ್ಟಿನಿಂದ ಹನಿ ಹನಿ ಸಕ್ಕರೆ ನೀರು ಹಾಕುತ್ತ ಕೂತಿರುತ್ತಿದ್ದೆ. ಆ ಹಂಗಾಮಿನ ಮೊದಲ ಎರಡು ಪ್ರಯೋಗ ಛಲೋ ಬಂದವು, ಕಂಟ್ರೋಲ್ ಸಾಲು ಅರಿಷಿಣದಂತೆ ಹಳದಿ. ಧಾರವಾಡದಲ್ಲಿದ್ದ ನನ್ನ ಗೈಡ್ ಸರ್‌ಗೆ ಫೋಟೋ ಕಳಿಸಿದೆ. ಅವರು ಶಾಭಾಸ್ ಅನ್ನುವ ಹೆಬ್ಬೆರಳಿನ ಚಿತ್ರ ಕಳಿಸಿದರು.

ಆ ಲ್ಯಾಬಿನಲ್ಲಿ ನನ್ನ ಜೊತೆ ಮಾತಾಡುವ ಮನುಷ್ಯರು ಅಂದರೆ ಕಾಕು ಒಬ್ಬರೇ. ಗಾಜಿನ ಸಾಮಾನು ತಿಕ್ಕುವುದು, ನೀರು ಭಟ್ಟಿ ಇಳಿಸಿ ಇಡುವುದು ಅವರ ಕೆಲಸ. ತೇರದಾಳದ ದಿಗಂಬರ ಜೈನರ ಮನೆಯವರು, ಗಂಡ ತೀರಿದ ಮೇಲೆ ಕೆಲಸಕ್ಕೆ ಬಂದವರು. ಎಲ್ಲರೂ ಅವರನ್ನು ಚಿಕ್ಕಮ್ಮ ಅನ್ನುವಂತೆ ಕಾಕು ಅನ್ನುತ್ತಿದ್ದರು, ಅವರು ನನ್ನನ್ನು, ಕಲಿಸುವಾಕೆ ಅಂತ, ಬಾಯಾರ ಅನ್ನುತ್ತಿದ್ದರು. ಉಳಿದ ಮಾಸ್ತರರು ಪಾಠ ಮುಗಿಸಿ ಸ್ಕೂಟರ್ ಹತ್ತಿಬಿಡುತ್ತಿದ್ದರು. "ಮೇಡಂ, ನಿಮ್ಮ ಕೂಸುಗಳು ಆರಾಮ ಅದಾವೇನ್ರಿ?" ಅಂತ ಚಾಷ್ಟಿ ಮಾಡಿದರೆ ಅದೇ ಆ ವಾರದ ಮಾತುಕತೆ.

ಮಧ್ಯಾಹ್ನ ಕಿಟಕಿ ಹತ್ತಿರ ಎರಡು ಸ್ಟೂಲು ಹಾಕಿಕೊಂಡು ನಾನೂ ಕಾಕೂ ಉಣ್ಣುತ್ತಿದ್ದೆವು. ಅವರ ಡಬ್ಬಿಯಲ್ಲಿ ಉಳ್ಳಾಗಡ್ಡಿ ಇಲ್ಲ, ಬೆಳ್ಳೊಳ್ಳಿ ಇಲ್ಲ, ಬಟಾಟೆ ಇಲ್ಲ. ಆದರೂ ಆ ಮಡಕಿಕಾಳಿನ ಪಲ್ಯದ ರುಚಿ ನನ್ನ ಕೈಗೆ ಒಮ್ಮೆಯೂ ಬರಲಿಲ್ಲ. ನನ್ನ ಪಾಲಿನ ರೊಟ್ಟಿ ಬೇರೆ ಕಟ್ಟಿ ತರುತ್ತಿದ್ದರು. ಸಂಜೆ ಹೊತ್ತು ಮುಳುಗುವುದರೊಳಗೆ ಅವರು ಮನೆ ಸೇರಿ ಉಣ್ಣಬೇಕು, ಕತ್ತಲಾದ ಮೇಲೆ ಬಾಯಿಗೆ ಏನೂ ಹಾಕುವವರಲ್ಲ. ಚಳಿಗಾಲದಲ್ಲಿ ನಾಲ್ಕಾಗುತ್ತಲೇ ಚೀಲ ಹೆಗಲಿಗೇರಿಸುತ್ತಿದ್ದರು.

"ಸೂರ್ಯ ಇನ್ನೂ ಮ್ಯಾಲದಾನ್ರಿ ಕಾಕು, ಕುಂದ್ರರಿ."

"ಅಂವ ನನ್ನ ಸಲುವಾಗಿ ನಿಂದರೂದಿಲ್ರಿ ಬಾಯಾರ. ಬಸ್ಸೂ ನಿಂದರೂದಿಲ್ಲ."

ಅವರು ಹೋದ ಮೇಲೆ ಆ ಕಟ್ಟಡದಲ್ಲಿ ನಾನು, ಪೆಟ್ಟಿಗೆಯ ಫ್ಯಾನಿನ ಗುಂಯ್ ಸದ್ದು, ಅಷ್ಟೇ. ಎಷ್ಟೋ ಸಲ ಕೋಶಗಳ ಜೊತೆ ಬಾಯಿಬಿಟ್ಟು ಮಾತಾಡಿದ್ದೇನೆ. ಯಾರಾದರೂ ಕೇಳಿದ್ದರೆ ಹುಚ್ಚಿ ಅನ್ನುತ್ತಿದ್ದರು. ಕೇಳುವವರೇ ಇರಲಿಲ್ಲ.

ಬೇಸಿಗೆ ಹೊತ್ತಿಗೆ ಕಂಟ್ರೋಲ್ ಕುಸಿಯಿತು. ಏನೂ ಹಾಕದ ಕೋಶ, ಸಕ್ಕರೆ ಕೊಟ್ಟರೂ ಬಿಮ್ಮನೆ ಕೂತಿದೆ. ಹಳದಿ ಬಣ್ಣ ಅಂಬಲಿಯಷ್ಟು ತೆಳು. ಒಂದು ಸಲ ಆದರೆ ಕೈತಪ್ಪು ಅನ್ನಬಹುದು. ಮತ್ತೆ ಮಾಡಿದೆ, ಮತ್ತೆ ಅದೇ. ಸೈಟೋಕೈನ್ ಹಾಕಿದ ಸಾಲಿಗೂ ಹಾಕದ ಸಾಲಿಗೂ ಫರಕೇ ಇಲ್ಲ.

ಕೋಶ ಮುದಿಯಾಗಿರಬೇಕು ಅಂತ ದ್ರವ ಸಾರಜನಕದಿಂದ ಹೊಸ ಶೀಶೆ ತೆಗೆದು ಬೆಳೆಸಿದೆ. ಅದೇ ಹಾಡು. ಆಹಾರಕ್ಕೆ ಬೆರೆಸುವ ಸೀರಮ್ ಬದಲಿಸಿದೆ. ಗ್ಲೂಕೋಸ್ ಹೊಸ ಡಬ್ಬಿ ಒಡೆದೆ. ಮೈಕೋಪ್ಲಾಸ್ಮಾ ಎಂಬ ಕಣ್ಣಿಗೆ ಬೀಳದ ಸೋಂಕು ಇರಬಹುದು ಅಂತ ಮಾದರಿ ಕಳಿಸಿದೆ, ಇಲ್ಲ ಅಂತ ಬಂತು. ಪೆಟ್ಟಿಗೆಗೆ ಬೇಕಾದ ಕಾರ್ಬನ್ ಡೈಆಕ್ಸೈಡ್ ಕೊಡುವ ಗ್ಯಾಸ್ ಸಿಲಿಂಡರಿನವನ ಜೊತೆ ಫೋನಿನಲ್ಲಿ ಜಗಳ ತೆಗೆದೆ. ಪಾಪ, ಅವನ ಗ್ಯಾಸಿನಲ್ಲಿ ಏನೂ ದೋಷ ಇರಲಿಲ್ಲ, ಸುಮ್ಮನೆ ನನ್ನ ಬೈಗುಳ ತಿಂದ. ಕೋಶದ ಆಹಾರದ ದ್ರಾವಣ, ಅಂದರೆ ಮೀಡಿಯಂ, ಗುಲಾಬಿ ಬಣ್ಣದಲ್ಲಿ ತಿಳಿಯಾಗಿಯೇ ಇತ್ತು. ಬ್ಯಾಕ್ಟೀರಿಯಾ ಬೆಳೆದಿದ್ದರೆ ಒಂದೇ ದಿನದಲ್ಲಿ ಅದು ಹಳದಿಗೆ ತಿರುಗಿ ಮಬ್ಬಾಗಬೇಕು. ಹಂಗೂ ಇಲ್ಲ, ಹಿಂಗೂ ಇಲ್ಲ. ನನಗೆ ತಲೆ ಕೆಟ್ಟು ಹೋಯಿತು.

ಗೈಡ್ ಸರ್‌ಗೆ ಫೋನ್ ಮಾಡಿದೆ.

"ನೋಡವಾ," ಅಂದರು, "ಮೊದಲಿನ ಎರಡು ಛಲೋ ಬಂದಾವಲ್ಲ, ಅವನ್ನ ಹಾಕು. ಇನ್ನೊಂದು ಹೆಂಗರೆ ಮಾಡಿ ಕೂಡಸು. ಉಳಿದದ್ದು ತಾಂತ್ರಿಕ ತೊಂದರಿ ಅಂತ ಕೈಬಿಡು. ಎಲ್ಲಾರೂ ಹಂಗ ಮಾಡ್ತಾರ."

"ಕಾರಣ ಗೊತ್ತಿಲ್ದ ಹೆಂಗ ಕೈಬಿಡ್ಲಿ ಸರ್?"

"ಕಾರಣ ಹುಡುಕ್ಕೋತ ಕುಂತ್ರ ಅವಧಿ ನಿಂದರತೈತೇನು?"

ಅವರು ಕೆಟ್ಟವರಲ್ಲ, ನನ್ನ ಒಳ್ಳೆಯದಕ್ಕೇ ಹೇಳಿದರು. ಆ ಎರಡು ಪ್ರಯೋಗ ಮಾತ್ರ ಇಟ್ಟುಕೊಂಡು ಗ್ರಾಫ್ ಬರೆದೂ ನೋಡಿದೆ. ಚೆಂದ ಕಾಣುತ್ತಿತ್ತು. ಕೈಬಿಟ್ಟ ಪ್ರಯೋಗಗಳ ಹಾಳೆಗಳು ಮಾತ್ರ ಮಗ್ಗುಲಲ್ಲೇ ಬಿದ್ದಿದ್ದವು. ಕಳಿಸಲಿಲ್ಲ.

ಭಾದ್ರಪದದಲ್ಲಿ ಕಾಕು ದಶಲಕ್ಷಣ ಪರ್ವಕ್ಕೆ ರಜೆ ಹಾಕಿದರು. ಹತ್ತು ದಿನ ಬಸದಿ, ಪೂಜೆ, ಒಪ್ಪತ್ತು. ಭಟ್ಟಿ ಇಳಿಸುವವರಿಲ್ಲ. ನನ್ನ ಮೀಡಿಯಂ ಪುಡಿಯಿಂದ ಮಾಡುವಂಥದ್ದು. ಆ ಪುಡಿ ಕಲಸಲಿಕ್ಕೆ, ತೊಳೆಯುವ ದ್ರಾವಣಕ್ಕೆ, ಎಲ್ಲಕ್ಕೂ ಭಟ್ಟಿ ನೀರೇ ಬೇಕು. ಆ ಗಾಜಿನ ಭಟ್ಟಿಯ ಮುಂದೆ ಕಾಯುತ್ತ ಕೂರುವ ವ್ಯವಧಾನ ನನಗೆಲ್ಲಿಯದು! ಸೀದಾ ಔಷಧ ಅಂಗಡಿಗೆ ಹೋಗಿ ಇಂಜೆಕ್ಷನ್ನಿಗೆ ಬಳಸುವ ನೀರಿನ ಬಾಟಲಿ ತಂದೆ. ಮೀಡಿಯಂ ಹೊಸದಾಗಿ ಕಲಸಿ, ಅದರಲ್ಲಿ ಕೋಶ ಬೆಳೆಸಿ, ಒಂದು ಪ್ರಯೋಗ ಹಾಕಿದೆ.

ಕಂಟ್ರೋಲ್ ಅರಿಷಿಣದ ಬಣ್ಣಕ್ಕೆ ಬಂತು. ಎಲಾ! ನನಗೆ ನಂಬಿಕೆ ಆಗಲಿಲ್ಲ. ಇನ್ನೊಂದು ಸಲ ಹಾಕಿದೆ, ಮತ್ತೆ ಬಂತು. ಆದರೆ ಆ ಹೊತ್ತಿಗೆ ಬೇಸಿಗೆ ಹೋಗಿ ಮಳೆಗಾಲ ಬಂದಿತ್ತು, ಸೀರಮ್ ಬದಲಾಗಿತ್ತು, ಕೋಶ ಹೊಸದು. ಎಲ್ಲವನ್ನೂ ಒಮ್ಮೆಲೇ ಬದಲಿಸಿಕೊಂಡು ಕೂತಿದ್ದ ನನಗೆ ಯಾವುದರಿಂದ ಸರಿಯಾಯಿತು ಅಂತ ಹೊಳೆಯಲಿಲ್ಲ. ನನ್ನ ದೆಸೆ ತಿರುಗಿತು ಅಂದುಕೊಂಡೆ.

ಪರ್ವ ಮುಗಿಸಿ ಕಾಕು ಬಂದರು. ಒಳಗೆ ಕಾಲಿಟ್ಟವರೇ ಕೈಮುಗಿದು, "ಉತ್ತಮ ಕ್ಷಮಾ ಬಾಯಾರ. ತಿಳಿದೋ ತಿಳೀದನೋ ನನ್ನಿಂದ ಏನರೆ ನೋವಾಗಿದ್ರ ಹೊಟ್ಯಾಗ ಹಾಕ್ಕೋರಿ" ಅಂದರು. ಪರ್ವ ಮುಗಿದ ಮೇಲೆ ಸಿಕ್ಕ ಸಿಕ್ಕವರಲ್ಲಿ ಹೀಗೆ ಕ್ಷಮೆ ಕೇಳುವುದು ಅವರ ಪದ್ಧತಿ.

"ಶೇಂಗಾ ಚಟ್ನಿಗೆ ಬೆಳ್ಳೊಳ್ಳಿ ಹಾಕೂದಿಲ್ಲ ನೀವು, ಅದೊಂದ ತಪ್ಪು ಕಾಕು" ಅಂದೆ.

ನಕ್ಕರು. ಆಮೇಲೆ ತಿರುಗಿ ಪೆಟ್ಟಿಗೆಗೂ ಕೈಮುಗಿದರು.

"ಅವಕ್ಕ್ಯಾಕ್ರಿ?"

"ಅವೂ ಜೀವ ಅಂತ ನೀವ ಹೇಳೀರಲ್ಲ."

ಬಹಳ ನಗು ಬಂತು ನನಗೆ. ಹತ್ತು ದಿನದ ಮಾತು ಅವತ್ತು ಒಂದೇ ಊಟದಲ್ಲಿ ಆಡಿ ಮುಗಿಸಿದೆವು. ಬಾಟಲಿ ನೀರು ಖಾಲಿಯಾಗಿತ್ತು, ಮತ್ತೆ ಕಾಕು ಇಳಿಸಿದ ನೀರಿಗೆ ಮರಳಿದೆ. ಮುಂದಿನ ಪ್ರಯೋಗದಲ್ಲಿ ಕಂಟ್ರೋಲ್ ನೆಲಕಚ್ಚಿತು.

ಆವಾಗ ಹೊಳೆಯಿತು. ನಡುವೆ ಬದಲಾದದ್ದು ಒಂದೇ, ನೀರು.

ಮರುದಿನ ಬೆಳಿಗ್ಗೆ ಕಾಕು ಬರುವ ಮೊದಲೇ ಹೋಗಿ ಕೂತೆ. ಹೊತ್ತಿಲ್ಲದ ಹೊತ್ತಿನಲ್ಲಿ ನನ್ನ ಕಂಡು, "ಲಗೂನ ಬಂದೀರಿ?" ಅಂದು ತಮ್ಮ ಕೆಲಸಕ್ಕೆ ಹತ್ತಿದರು. ನಮ್ಮಲ್ಲಿ ನಳ ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ ಬರುತ್ತದೆ, ಒಂದು ನೀಲಿ ಡ್ರಮ್ಮಿನಲ್ಲಿ ತುಂಬಿಡುತ್ತೇವೆ. ಕಾಕು ಒಂದು ಬಿಳಿ ದಪ್ಪ ಅರಿವಿಯನ್ನು ಎರಡು ಪದರು ಮಾಡಿ ಬಕೆಟ್ಟಿನ ಬಾಯಿಗೆ ಕಟ್ಟಿದರು. ಡ್ರಮ್ಮಿನ ನೀರನ್ನು ತಂಬಿಗೆಯಿಂದ ಅದರ ಮೇಲೆ ಸಾವಕಾಶ ಹೊಯ್ದರು. ಸೋಸಿದ ಆ ನೀರು ಭಟ್ಟಿಗೆ. ಸರಿ, ಸೋಸಿದರೆ ಏನು ಕೆಡುಕು? ಆಮೇಲೆ ಅರಿವಿಯನ್ನು ಬಿಚ್ಚಿ, ಮಗ್ಗಲು ಬದಲಿಸಿ, ಹಗೂರಕ ಮತ್ತೆ ಡ್ರಮ್ಮಿನಲ್ಲೇ ಜಾಲಿಸಿದರು.

"ಕಾಕು, ಅದನ್ನ್ಯಾಕ ಡ್ರಮ್ಮಿನ್ಯಾಗ ಜಾಲಸ್ತೀರಿ?"

"ಸೋಸಿದಾಗ ಅರಿವ್ಯಾಗ ಸಿಕ್ಕ ಜೀವ ನೀರು ಎಲ್ಲಿಂದ ಬಂತೋ ಅಲ್ಲಿಗೇ ಬಿಡಬೇಕಲ್ರಿ. ಮನ್ಯಾಗ ಬಾವಿಗೆ ಬಿಡ್ತೇವಿ. ಇಲ್ಲಿ ಬಾವಿ ಎಲ್ಲೈತಿ? ಮಾಳಗಿ ಮ್ಯಾಗಿನ ಟಾಕಿ ಹತ್ತಾಕ ನನ್ನ ಮೊಣಕಾಲು ಕೇಳೂದಿಲ್ಲ. ಈ ಡ್ರಮ್ಮ ನನಗ ಬಾವಿ."

"ಇದನ್ನ ಯಾವಾಗ ತೊಳದೀರಿ?"

"ತೊಳದ್ರ ಅವು ಎಲ್ಲಿ ಹೋಗ್ಬೇಕ್ರಿ?"

ಡ್ರಮ್ಮಿನ ಒಳಗೋಡೆಗೆ ಕೈ ಹಚ್ಚಿ ನೋಡಿದೆ. ಲೋಳೆ. ಹಳೆಯ ಡ್ರಮ್ಮು ಒಡೆದು ಇದು ಬಂದದ್ದು ಹೋದ ದೀಪಾವಳಿಗೆ. ಅಲ್ಲಿಂದ ಒಮ್ಮೆಯೂ ಬರಿದು ಮಾಡಿಲ್ಲ. ಅರ್ಧಕ್ಕಿಳಿದಾಗ ಮೇಲೆ ತುಂಬುವುದು, ಅರಿವಿ ಜಾಲಿಸುವುದು. ಮೊದಲಿನ ಎರಡು ಪ್ರಯೋಗ ಛಲೋ ಬಂದದ್ದು ಡ್ರಮ್ಮು ಹೊಸದಿದ್ದಾಗ. ಎಲ್ಲ ಒಂದಕ್ಕೊಂದು ಕೂಡಿ ಬಂತು. ನಮ್ಮ ಗಡಸು ನೀರಿಗೆ ಭಟ್ಟಿಯ ಕಾಯಿಲ್ ಮೇಲೆ ಸುಣ್ಣ ಹೆಪ್ಪುಗಟ್ಟಿ, ನೀರು ಕೊತಕೊತ ಚಿಮ್ಮಿ ಕುದಿಯುತ್ತಿತ್ತು. ಹಬೆಯ ಜೊತೆ ಸಣ್ಣ ತುಂತುರು ಆ ಕಡೆ ದಾಟುತ್ತಿತ್ತು. ಬ್ಯಾಕ್ಟೀರಿಯಾ ಸಾಯುತ್ತವೆ, ಖರೆ. ಆದರೆ ಅವುಗಳ ಹೊರಕವಚದ ಚೂರು ಕುದಿಸಿದರೆ ಹೋಗುವಂಥದ್ದಲ್ಲ. ಒತ್ತಡದ ಹಬೆಯಲ್ಲಿ ಬೇಯಿಸುವ ಆಟೋಕ್ಲೇವಿನ ಕಾವಿಗೂ ಬಗ್ಗುವುದಿಲ್ಲ, ಮೀಡಿಯಂ ಸೋಸುವ ನನ್ನ ಸೂಕ್ಷ್ಮ ಜರಡಿಯಲ್ಲೂ ಇಳಿದುಹೋಗುತ್ತದೆ. ಎಂಡೋಟಾಕ್ಸಿನ್ ಅಂತ ಅದರ ಹೆಸರು. ಅದು ತಾಗಿದರೆ ಸಾಕು, ಸೋಂಕು ಬಂತು ಅಂತಲೇ ಕೋಶ ತಿಳಿಯುತ್ತದೆ. ನಾನು ಡಂಗುರ ಹೊಡೆಯುವ ಮೊದಲೇ ನನ್ನ ಕಂಟ್ರೋಲ್ ಕೋಶದ ಕಿವಿಯಲ್ಲಿ ಡಂಗುರ ಬಡಿದಾಗಿತ್ತು.

ಇಷ್ಟು ತಿಳಿದ ಮೇಲೆ ಖುಷಿಯಾಗಬೇಕಿತ್ತು. ನನಗೆ ಬಂದದ್ದು ಸಿಟ್ಟು. ಕುಬಸ, ಹಬ್ಬ, ಬೈಸಿಕೊಂಡ ಸಿಲಿಂಡರಿನವ, ಹೋದ ತಿಂಗಳುಗಳು, ಎಲ್ಲ ಒಮ್ಮೆಲೇ ತಲೆಗೇರಿತು.

"ಏನ ಉಳಿಸೀರಿ ನೀವು ಕಾಕು? ನಿಮ್ಮ ಅರಿವಿ ಎರಡು ಹುಳಾ ಹಿಡದ್ರ ಕೋಟಿಗಟ್ಟಲೆ ಕೆಳಗ ಇಳೀತಾವ! ಅವನ್ನ ಡ್ರಮ್ಮಿನ್ಯಾಗ ಸಾಕೀರಿ, ದಿನಾ ತುಂಬಿ ತುಂಬಿ ಭಟ್ಟ್ಯಾಗ ಕುದಿಸಿ ಕೊಂದೀರಿ, ಅವುಗಳ ಹೆಣಾ ತಂದು ನನ್ನ ಕೋಶದ ಮ್ಯಾಲೆ ಸುರದೀರಿ!"

"ಸೋಸಿದ ನೀರಾಗ ಜೀವ ಇರೂದಿಲ್ರಿ ಬಾಯಾರ" ಅಂದರು ಕಾಕು, ಸಣ್ಣ ದನಿಯಲ್ಲಿ.

ಅಷ್ಟಕ್ಕೆ ಬಿಡಬೇಕಿತ್ತು. ಬಿಡಲಿಲ್ಲ. ಸೋಸಿದ ಬಕೆಟ್ಟಿನಿಂದಲೇ ಒಂದು ಹನಿ ತೆಗೆದು ಗಾಜಿನ ಮೇಲೆ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು, ಅವರ ರಟ್ಟೆ ಹಿಡಿದು ಕೂಡಿಸಿದೆ. "ನೋಡ್ರಿ."

ಒಂದು ಕಣ್ಣು ಮುಚ್ಚಿ ನೋಡಿದರು. ಬಹಳ ಹೊತ್ತು ನೋಡಿದರು. ಏನು ಕಾಣುತ್ತಿದೆ ಅಂತ ನನಗೆ ಗೊತ್ತಿತ್ತು. ಕಡ್ಡಿಯಂಥವು, ಚುಕ್ಕಿಯಂಥವು, ಕಿಕ್ಕಿರಿದು ಮಿಸುಗಾಡುವಂಥವು, ನಡುನಡುವೆ ಒಂದು ದೊಡ್ಡದು ಗಿರ್ರನೆ ತಿರುಗಿ ಹೋಗುವಂಥದ್ದು. ಕಾಕು ತಲೆ ಎತ್ತಿ ಬಕೆಟ್ಟಿನ ಕಡೆ ನೋಡಿದರು.

"ಇದು ನಾ ಸೋಸಿದ್ದ ಏನ್ರಿ?"

"ನೀವು ಸೋಸಿದ್ದ."

ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದರು. ಅರಿವಿಯನ್ನು ಮಾತ್ರ ಹಿಂಡದೆ ಹಾಗೇ ಹಸಿಯಾಗಿ ಚೀಲದಲ್ಲಿ ಇಟ್ಟುಕೊಂಡು ಹೋದರು. ಇನ್ನೂ ಮಧ್ಯಾಹ್ನ ಆಗಿರಲಿಲ್ಲ. ಕಿಟಕಿಯಲ್ಲಿ ಅವರ ಡಬ್ಬಿ ಉಳಿಯಿತು, ಅದರಲ್ಲಿ ನನ್ನ ಪಾಲೂ ಇತ್ತು. ಊಟದ ಹೊತ್ತಿಗೆ ಹಸಿವಾಯಿತು, ನಾಚಿಕೆ ಇಲ್ಲದೆ ಬಿಚ್ಚಿ ತಿಂದೆ. ತಿನ್ನುತ್ತ ತಿನ್ನುತ್ತ ಅಳು ಬಂತು.

ಮರುದಿನ ಕಾಕು ಬರಲಿಲ್ಲ. ಅದರ ಮರುದಿನವೂ ಇಲ್ಲ.

ನೀರಿನ ಸಂಶಯ ಫೋನಿನಲ್ಲಿ ಹೇಳಿದ ಮೇಲೆ ಗೈಡ್ ಸರ್ ಒಂದು ಪರೀಕ್ಷಾ ಕಿಟ್ ಕಳಿಸಿದರು. ಸಣ್ಣ ಕೊಳವೆಯಲ್ಲಿ ನೀರು ಹಾಕಿ ಬೆಚ್ಚಗೆ ಇಡಬೇಕು. ಎಂಡೋಟಾಕ್ಸಿನ್ ಇದ್ದರೆ ಒಳಗಿನದು ಗಟ್ಟಿಯಾಗುತ್ತದೆ, ಕೊಳವೆ ಬೋರಲು ಹಾಕಿದರೂ ಬೀಳುವುದಿಲ್ಲ. ಬಾಟಲಿ ನೀರಿನದು ಬೋರಲು ಮಾಡುತ್ತಲೇ ಹರಿದು ಬಂತು. ಭಟ್ಟಿ ನೀರಿನದು 'ಕೈ ಬಿಡು ನೋಡೋಣ' ಅನ್ನುವಂತೆ ತಳಕ್ಕೆ ಅಂಟಿಕೊಂಡು ನಿಂತಿತು. ನನ್ನ ಊಹೆ ಖರೆ ಆಗಿತ್ತು. ಅದನ್ನು ಹಿಡಿದು ತೋರಿಸಬೇಕು ಅಂತ ತಿರುಗಿದೆ, ಸ್ಟೂಲು ಖಾಲಿ.

"ಈಗರೆ ಕಾರಣ ಸಿಕ್ತಲ್ಲ," ಅಂದರು ಗೈಡ್ ಸರ್. "ಮೊದಲಿನ ಎರಡು ಇಟ್ಕೋ. ಬಾಟಲಿ ನೀರಿನವು ಎರಡು ಅದಾವ. ಕೂಡಿಸಿ ಬರದಬಿಡು."

"ಮೊದಲಿನ ನೀರು ಹೆಂಗಿತ್ತು ಅಂತ ಅಳತಿ ಇಲ್ಲ ಸರ್. ಡ್ರಮ್ಮು ಹೊಸದಿತ್ತು ಅಷ್ಟ. ಎಲ್ಲಾ ತಗದ ಹಾಕ್ತೇನಿ. ಬಾಟಲಿ ನೀರಿನ್ಯಾಗ ಮೊದಲಿಂದ ಮಾಡ್ತೇನಿ."

"ಅವಧಿ?"

"ಮುಟ್ಟಿದ್ರ ಮುಟ್ಟಲಿ, ಇಲ್ಲಂದ್ರ ಹೋಗಲಿ. ಮತ್ತ ಈ ನೀರಿನ ವಿಷಯಾನೂ ಪ್ರಬಂಧದಾಗ ಬರೀತೇನಿ."

"ಜನ ನಗ್ತಾರವಾ."

"ನಗಲಿ ಬಿಡ್ರಿ ಸರ್. ನನಗೂ ಯಾರರೆ ನಕ್ಕದ್ದು ಕೇಳಿ ಭಾಳ ದಿನಾ ಆಗೇತಿ."

ಆಮೇಲಿನದು ಬರೀ ದುಡಿತ. ಡ್ರಮ್ಮನ್ನು ಬ್ಲೀಚಿಂಗ್ ಪುಡಿ ಹಾಕಿ ನಾನೇ ತಿಕ್ಕಿದೆ. ಆ ಹೊತ್ತಿಗೆ ಕಾಕು ಇರದಿದ್ದದ್ದೇ ಛಲೋ ಆಯಿತು. ಗಾಜಿನ ಸಾಮಾನನ್ನು ಬಿಸಿಗಾಳಿಯ ಓವನ್ನಿನಲ್ಲಿ ತಾಸುಗಟ್ಟಲೆ ಸುಟ್ಟೆ, ಯಾಕೆಂದರೆ ಎಂಡೋಟಾಕ್ಸಿನ್ ಹೆದರುವುದು ಅಂಥ ಒಣ ಕಾವಿಗೆ ಮಾತ್ರ. ಕೋಶಗಳ ಹೊಸ ಶೀಶೆ, ಬಾಟಲಿ ನೀರಿನ ಮೀಡಿಯಂ, ಪ್ರತಿ ಸಲ ಆ ಕೊಳವೆ ಪರೀಕ್ಷೆ. ಕಬ್ಬಿನ ಟ್ರ್ಯಾಕ್ಟರುಗಳು ಮತ್ತೆ ಶುರುವಾದವು. ನಾನು ಕಿಟಕಿ ಕಡೆಗೆ ಬೆನ್ನು ಮಾಡಿ ಉಣ್ಣುವುದು ಕಲಿತೆ.

ಕಂಟ್ರೋಲ್ ಒಮ್ಮೆಯೂ ಮುಗ್ಗರಿಸಲಿಲ್ಲ. ಸೈಟೋಕೈನ್ ಸಾಲುಗಳು ಒಂದರ ಹಿಂದೆ ಒಂದು ತೆರೆದುಕೊಂಡವು. ಅತಿ ಸಣ್ಣ ಪ್ರಮಾಣಕ್ಕೆ ಹಳದಿ ಒಂದಿಷ್ಟು ಏರುವುದು, ಸ್ವಲ್ಪ ಹೆಚ್ಚಿಗೆ ಅಲ್ಲಾಡದೆ ನಿಲ್ಲುವುದು, ಇನ್ನೂ ಹೆಚ್ಚಿಗೆ ಇಳಿಯುವುದು. ಕೋಶ ಹೊರಳುವ ಜಾಗ ಕಣ್ಣೆದುರಿಗೆ ಕಾಣುತ್ತಿತ್ತು. ಆಮೇಲೆ ಹಳೆಯ ಭಟ್ಟಿ ನೀರಿನ ಉಳಿದಿದ್ದ ಒಂದು ಬಾಟಲಿಯಿಂದ ಚೂರು ಬೆರೆಸಿ ನೋಡಿದೆ. ಆ ಜಾಗ ಪೂರಾ ಮುಚ್ಚಿಹೋಯಿತು. ಪ್ರಬಂಧ ಅವಧಿಯೊಳಗೆ ಮುಟ್ಟಿತು, ನೀರಿನ ಅಧ್ಯಾಯದ ಸಮೇತ. ಕೊನೆಯ ತಟ್ಟೆ ಅಳೆದ ದಿನ ಬೀಳಗಿಗೆ ಫೋನ್ ಮಾಡಿದೆ. "ಹೌದಾ? ಛಲೋ ಆತು ಬಿಡು" ಅಂದು ಅವ್ವ ಕೂಸಿನ ಅಳು ಕೇಳಿ ಒಳಗೆ ಹೋದಳು. ಇನ್ಯಾರಿಗೆ ಹೇಳಲಿ ಅಂತ ಯೋಚಿಸಿದೆ. ಹೇಳಬೇಕಾದವರು ಒಬ್ಬರೇ ಇದ್ದರು.

ಐತವಾರ ಬೆಳಿಗ್ಗೆ ಕೋಶಕ್ಕೆ ಆಹಾರ ಹಾಕುವುದನ್ನು ಸಂಜೆಗೆ ತಳ್ಳಿ, ತೊಳೆದಿಟ್ಟಿದ್ದ ಡಬ್ಬಿ ಚೀಲಕ್ಕೆ ಹಾಕಿಕೊಂಡು ತೇರದಾಳದ ಬಸ್ ಹತ್ತಿದೆ. ಬನಹಟ್ಟಿ ದಾಟುವಾಗ ಮಗ್ಗಗಳ ಖಟಖಟ ಬಸ್ಸಿನೊಳಗೂ ಕೇಳುತ್ತಿತ್ತು. ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಉರು ಹೊಡೆದೆ.

ಕಾಕು ಪಡಸಾಲೆಯಲ್ಲಿ ಕಾಳು ಆರಿಸುತ್ತಿದ್ದರು. ನನ್ನ ನೋಡಿ ಎದ್ದು, "ಬರ್ರಿ ಬಾಯಾರ" ಅಂತ ಚಾಪೆ ಹಾಸಿದರು. ಇಳಿದುಹೋಗಿದ್ದರು. ಡಬ್ಬಿ ಕೊಟ್ಟೆ. ಉರು ಹೊಡೆದದ್ದೆಲ್ಲ ಮರೆತುಹೋಯಿತು.

"ಉತ್ತಮ ಕ್ಷಮಾ ಕಾಕು" ಅಂದೆ.

"ಅದು ಪರ್ವದಾಗ ಅನ್ನೂದ್ರಿ" ಅಂದು ಸಣ್ಣಗೆ ನಕ್ಕರು. ಆಮೇಲೆ ಕಾಳಿನ ಮೊರ ಆ ಕಡೆ ಸರಿಸಿ, "ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ಲ. ಬೈದ್ರ ಬೈದ್ರಿ. ನಾ ಕೆಲಸಾ ಕೆಡಿಸಿದ್ದೆ. ಆದ್ರ ಆ ಗಾಜಿನ್ಯಾಗ ತೋರಿಸಿದ್ರಲ್ಲ, ಅವು ಕಣ್ಣಾಗ ಕುಂತಾವ್ರಿ. ಸಣ್ಣಾಕಿದ್ದಾಗಿಂದ ಸೋಸೇನಿ. ನಮ್ಮ ಅವ್ವ ಕೈ ಹಿಡಿದು ಕಲಿಸಿದ್ಲು. ಅಷ್ಟು ಇದ್ದೂವು ಅಂದ್ರ ನಾ ಏನ ಸೋಸಿದೆ?"

ಲ್ಯಾಬಿನಲ್ಲಿ ಪಾಠದಂತೆ ಹೇಳಬಲ್ಲ ಉತ್ತರಗಳನ್ನು ಪಕ್ಕಕ್ಕಿಟ್ಟೆ.

"ಕಣ್ಣಿಗೆ ಕಾಣೂವನ್ನ ನಿಮ್ಮ ಅರಿವಿ ಹಿಡದೇತ್ರಿ ಕಾಕು," ಅಂದೆ. "ಕಾಣದ್ದನ್ನ ಹಿಡಿಯೂ ಅರಿವಿ ನನ್ನ ಹತ್ರಾನೂ ಇರ್ಲಿಲ್ಲ. ನನ್ನ ಜರಡಿನೂ ದಾಟಿ ಹ್ವಾದವು."

"ಹೌದ್ರಿ?"

"ಖರೆನ. ಸೋಮವಾರ ಬರ್ರಿ. ಸ್ಟೂಲು ಹಂಗ ಐತಿ."

ತಲೆ ಅಲ್ಲಾಡಿಸಿದರು. "ನೀರು ಕಾಸಾಕ ಇನ್ನ ಕೈ ಏಳೂದಿಲ್ಲ ಬಾಯಾರ. ಬ್ಯಾಡ್ರಿ, ಒತ್ತಾಯ ಮಾಡಬ್ಯಾಡ್ರಿ."

ಮಾಡಲಿಲ್ಲ. ಬಿಸಿಲಿನಲ್ಲಿ ಬಂದೀರಿ ಅಂತ ಅವರು ಒಳಗೆ ಹೋಗಿ, ಹಿತ್ತಲ ಬಾವಿಯ ನೀರನ್ನು ಅದೇ ಅರಿವಿಯಲ್ಲಿ ಸೋಸಿ, ಹಿತ್ತಾಳೆ ಲೋಟದಲ್ಲಿ ತಂದರು. ಕೊಡಲಿಕ್ಕೆ ಚಾಚಿದ ಕೈ ನಡುವೆ ನಿಂತಿತು. ಲೋಟದೊಳಗೆ ನೋಡಿದರು.

"ಇದರಾಗ ಎಷ್ಟ ಅದಾವ್ರಿ ಬಾಯಾರ?"

ದಿನ ಬಿಟ್ಟು ದಿನ ಕೋಶ ಎಣಿಸುವ ಕೆಲಸ ನನ್ನದು. ಒಂದು ಹನಿ ಕೊಟ್ಟರೆ ಲೋಟದ ಲೆಕ್ಕ ಹೇಳುತ್ತಿದ್ದೆ.

"ಗೊತ್ತಿಲ್ರಿ ಕಾಕು" ಅಂದು ಲೋಟ ಇಸಿದುಕೊಂಡು, ಒಂದೇ ಉಸಿರಿನಲ್ಲಿ ಕುಡಿದೆ. ತಣ್ಣಗಿತ್ತು. "ಇನ್ನೊಂದು ಕೊಡ್ರಿ."

ಕಾಕು ನನ್ನ ಮುಖ ನೋಡಿದರು. ಆಮೇಲೆ ಅರಿವಿಯನ್ನು ಎತ್ತಿಕೊಂಡು ಯಾವಾಗಿನಂತೆ ಎರಡು ಪದರು ಮಾಡಿದರು. ಒಂದು ಗಳಿಗೆ ತಡೆದು, ಅದನ್ನು ಮತ್ತೆ ಮಡಚಿ ನಾಲ್ಕು ಪದರು ಮಾಡಿದರು. ಕೊಡದ ಬಾಯಿಗೆ ಹೊಂದಿಸಿ, ಒಂದು ಕಡೆ ತಾವು ಹಿಡಿದು ಇನ್ನೊಂದು ತುದಿ ನನ್ನ ಕೈಗೆ ಕೊಟ್ಟರು. ನಾಲ್ಕು ಪದರಿನಲ್ಲಿ ನೀರು ಬಹಳ ಸಾವಕಾಶ ಇಳಿಯುತ್ತಿತ್ತು. ಹೊರಗೆ ಜಮಖಂಡಿಯ ಬಸ್ಸು ಹಾರ್ನ್ ಹೊಡೆದು ಹೋಯಿತು. ಇಬ್ಬರೂ ಅರಿವಿ ಬಿಡಲಿಲ್ಲ.